ಮಸ್ಕಿ ಹಾಸ್ಟೆಲಿನ ಬಾಗಿಲಿಲ್ಲದ ಕೋಣೆ

ನಕ್ಷೆ ಬರೆಯುವುದು ಕುಳಿತು ಮಾಡುವ ಕೆಲಸ, ಅದರಲ್ಲಿ ಅಂಜುವಂಥದ್ದು ಏನಿರುತ್ತದೆ ಎಂದು ಈಗ ಇಲಾಖೆಗೆ ಸೇರುವ ಹುಡುಗಿಯರು ನನ್ನನ್ನು ಕೇಳುತ್ತಾರೆ. ಅವರು ಕಂಪ್ಯೂಟರಿನಲ್ಲಿ ಇಡೀ ಕಟ್ಟಡವನ್ನು ಕಟ್ಟಿ, ಅದರ ಬಾಗಿಲಿನಿಂದ ಒಳಗೆ ಹೋಗಿ, ಮೆಟ್ಟಿಲು ಹತ್ತಿ, ಮಾಳಿಗೆಯ ಮೇಲೆ ನಿಂತು ನೋಡಿ, ಆಮೇಲೆ ಟೆಂಡರ್ ಕರೆಯುತ್ತಾರೆ. ಒಳ್ಳೆಯದೇ. ಆದರೆ ಯಾರೂ ಕಾಲಿಡದ ಜಾಗಕ್ಕೆ ಹಾಗೆ ಹೋಗಿ ನಿಲ್ಲುವುದು ಮೊದಲ ಸಲ ಹೇಗಿತ್ತು ಎಂಬುದು ಅವರಿಗೆ ಗೊತ್ತಿಲ್ಲ. ಅದನ್ನು ಬರೆದಿಡಬೇಕೆನಿಸಿದೆ. ನನಗೆ ಸಿಕ್ಕ ಬಡ್ತಿಗಳ ಸುದ್ದಿ ಇದರಲ್ಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಿಂಧನೂರಿನ ಉಪವಿಭಾಗಕ್ಕೆ ಟ್ರೇಸರ್ ಆಗಿ ಸೇರಿದೆ. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಮ್ಮ ಓಣಿಯಿಂದ ಆಫೀಸಿಗೆ ಹೋದ ಮೊದಲ ಹೆಣ್ಣು ನಾನು. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಆಚೆಯದು ಕಾಣುವಂಥ ತೆಳು ಬಟ್ಟೆ ಹಾಸಿ, ಮಸಿಯಲ್ಲಿ ಗೆರೆ ತಿದ್ದುವುದು ನನ್ನ ಕೆಲಸ. ಬೆವರಿನ ಹನಿ ಬಿದ್ದರೆ ಆ ಬಟ್ಟೆ ಅಲ್ಲೇ ಮುದುಡುತ್ತಿತ್ತು. ಬೇಸಿಗೆಯಲ್ಲಿ ಹಣೆಗೆ ಕರ್ಚೀಫು ಕಟ್ಟಿಕೊಂಡು ಕೂಡುತ್ತಿದ್ದೆವು. ನಕ್ಷೆಯ ಪ್ರತಿ ತೆಗೆಯಲು ಬಳಸುವ ಅಮೋನಿಯಾದ ವಾಸನೆ ಸೀರೆಗೆ ಹತ್ತಿ ಮನೆತನಕ ಬರುತ್ತಿತ್ತು. ಆದರೆ ನಾವು ಬರೆದ ಕಟ್ಟಡಗಳನ್ನು ನಾವು ನೋಡುತ್ತಿರಲಿಲ್ಲ. ಹೆಂಗಸರನ್ನು ಜೀಪಿನಲ್ಲಿ ಸೈಟಿಗೆ ಕರೆದೊಯ್ಯುವ ರೂಢಿ ಇರಲಿಲ್ಲ.

ಸಿಂಧನೂರಿನಲ್ಲಿದ್ದಾಗ ಒಮ್ಮೆ ಮಾತ್ರ ಹೋದೆ. ಜವಳಗೇರಾ ಕಡೆ ಆಂಧ್ರದ ರೈತರು ಬಂದು ನೆಲೆಸಿದ ಒಂದು ಕ್ಯಾಂಪಿನಲ್ಲಿ ಪಶು ಆಸ್ಪತ್ರೆಯ ಕಟ್ಟಡ ಮುಗಿದಿತ್ತು. ನಕ್ಷೆ ನನ್ನ ಕೈಯದು. ಉದ್ಘಾಟನೆಗೆ ಎಲ್ಲರನ್ನೂ ಟ್ರ್ಯಾಕ್ಟರಿನಲ್ಲಿ ಕರೆದೊಯ್ದರು. ಒಳಗೆ ಕಾಲಿಟ್ಟೊಡನೆ ತಲೆ ಸುತ್ತಿದಂತಾಯಿತು. ಔಷಧದ ಕೋಣೆ ನೋಡೋಣವೆಂದು ಬಲಕ್ಕೆ ತಿರುಗಿದರೆ ಗೋಡೆ. ಕಿಟಕಿ ಇರಬೇಕಾದಲ್ಲಿ ಬಾಗಿಲು. ನಾನು ಬರೆದದ್ದೆಲ್ಲ ಅಲ್ಲಿತ್ತು, ಎಲ್ಲವೂ ಆಚೆ ಬದಿಗಿತ್ತು, ಕನ್ನಡಿಯೊಳಗೆ ಹೊಕ್ಕ ಹಾಗೆ. ಪ್ರತಿ ತೆಗೆಯುವವನು ಬಟ್ಟೆಯನ್ನು ಮಗುಚಿ ಹಾಕಿದ್ದ. ಇಂಗ್ಲಿಷ್ ಅಕ್ಷರ ಬಾರದ ಮೇಸ್ತ್ರಿಗೆ ಅದು ತಿರುವುಮುರುವಾಗಿದೆ ಎಂದು ತಿಳಿಯಲಿಲ್ಲ. ಹಾರ ಹಾಕಿಸಿಕೊಂಡ ಸಾಹೇಬರಿಗೂ ತಿಳಿಯಲಿಲ್ಲ. ಕಟ್ಟಡ ಹಾಗೆಯೇ ಉಳಿಯಿತು. ಅಲ್ಲಿಗೆ ಬರುವ ದನಗಳು ಹೊಸ್ತಿಲು ದಾಟಲು ಒಲ್ಲೆನ್ನುತ್ತವೆ ಎಂದು ಕಂಪೌಂಡರ್ ಮುಂದೊಮ್ಮೆ ಹೇಳಿದ. ಆಸ್ಪತ್ರೆ ಎಂದರೆ ದನ ಎಲ್ಲ ಕಡೆಗೂ ಹಾಗೇ ಎಂದು ಆಫೀಸಿನಲ್ಲಿ ನಕ್ಕರು. ನನಗೆ ನಗಲಾಗಲಿಲ್ಲ. ಆ ಹೊಸ್ತಿಲ ಮೇಲೆ ನನಗೂ ಹಾಗೇ ಆಗಿತ್ತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಲಿಂಗಸುಗೂರಿನ ವಿಭಾಗ ಕಚೇರಿಯಲ್ಲಿ ನಕ್ಷೆಗಾರ್ತಿಯಾಗಿದ್ದೆ. ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ಏಸಿ ಕೋಣೆ ಮಾಡಿ, ಕುಂಕುಮ ಹಚ್ಚಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿದರು. ನನ್ನನ್ನೂ ಸಹಾಯಕ ಎಂಜಿನಿಯರ್ ರಫೀಕನನ್ನೂ ಗುಲ್ಬರ್ಗಾಕ್ಕೆ ತರಬೇತಿಗೆ ಕಳಿಸಿದರು. ರಫೀಕ್ ನನಗಿಂತ ಚಿಕ್ಕವನು, ಅಕ್ಕಾ ಎಂದೇ ಕರೆಯುತ್ತಿದ್ದ. ನಾವು ಮರಳುವಷ್ಟರಲ್ಲಿ ಮೇಲಿನಿಂದ ಆದೇಶ ಬಂದಿತ್ತು: ಪ್ರಯೋಗಕ್ಕೆಂದು ಒಂದು ಕಾಮಗಾರಿ ಆರಿಸಿಕೊಂಡು, ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲೇ ಕಟ್ಟಬೇಕು, ಕಲ್ಲು, ಸಿಮೆಂಟು, ಕಬ್ಬಿಣದ ಅಳತೆ ಅದರಿಂದಲೇ ತೆಗೆಯಬೇಕು, ಟೆಂಡರ್ ಹಾಕುವ ಗುತ್ತಿಗೆದಾರರನ್ನು ಕೂರಿಸಿ ಅದನ್ನು ತೋರಿಸಬೇಕು. ನಕ್ಷೆಯಲ್ಲಿ ಕಾಣಿಸಲಿಲ್ಲ ಎಂಬ ತಕರಾರು ಆಮೇಲೆ ಬರಬಾರದು ಎಂಬುದು ಉದ್ದೇಶ.

ಆರಿಸಿದ್ದು ಮಸ್ಕಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲು. ನಿಜಾಮರ ಕಾಲದ ಕಲ್ಲಿನ ಮುಸಾಫಿರಖಾನೆ ಅದು. ಪ್ರಯಾಣಿಕರು ತಂಗುವ ಜಾಗ ಆಮೇಲೆ ಕಾಳಿನ ಗೋದಾಮಾಗಿ, ಕೊನೆಗೆ ಹಾಸ್ಟೆಲಾಗಿತ್ತು. ಮಕ್ಕಳು ಹೆಚ್ಚಾಗಿದ್ದರು. ಅದರ ಮೇಲೊಂದು ಅಂತಸ್ತು ಏರಿಸಬೇಕಿತ್ತು. ಹಳೆಯ ಕಟ್ಟಡದ ನಕ್ಷೆ ಎಲ್ಲೂ ಸಿಗದ್ದರಿಂದ ನಾನೂ ರಫೀಕನೂ ಬಸ್ಸಿನಲ್ಲಿ ಹೋಗಿ ಟೇಪು ಹಿಡಿದು ಅಳೆದೆವು.

ಮಕ್ಕಳು ಶಾಲೆಗೆ ಹೋಗಿದ್ದ ಹೊತ್ತು. ವಾರ್ಡನ್ ನೀಲಮ್ಮ ನಮ್ಮನ್ನು ಮಲಗುವ ಹಾಲಿಗೆ ಕರೆದೊಯ್ದಳು. ಗೋಡೆಗುಂಟ ಟ್ರಂಕು, ಸುತ್ತಿಟ್ಟ ಹಾಸಿಗೆಗಳು ಒತ್ತೊತ್ತಾಗಿದ್ದವು. ಸಾಮಾನಿನ ಕೋಣೆಯ ಕಡೆಗಿನ ಗೋಡೆ ಮಾತ್ರ ಬರಿದಾಗಿತ್ತು.

"ಜಾಗಾ ಸಾಲವಲ್ದು ಅಂತೀರಿ, ಆ ಗ್ವಾಡಿ ಯಾಕ ಬಿಟ್ಟೀರಿ?" ಎಂದು ರಫೀಕ್ ಕೇಳಿದ.

"ಹುಡುಗ್ಯಾರು ಒಲ್ಲೆ ಅಂತಾರ್ರಿ. ತಂಪೈತಿ."

"ಬ್ಯಾಸಿಗ್ಯಾಗ ತಂಪಿದ್ರ ಒಳ್ಳೇದಾತಲ್ಲ."

"ಹಂಗಂತ ನಾನೂ ಅಂದಿದ್ದೆ. ಅಕ್ಕಾರ, ನೀವ ಒಮ್ಮೆ ಬೆನ್ನ ಹಚ್ಚಿ ಕುಂದರ್ರಿ."

ಕುಳಿತೆ. ಹೊರಗೆ ಗುಡ್ಡದ ಬಂಡೆಗಳು ಕಾದು ಕಣ್ಣು ಬಿಡಲಾಗದಂಥ ಬಿಸಿಲು. ಆ ಗೋಡೆಯ ತಂಪು ಕಲ್ಲಿನ ತಂಪಿನಂತಿರಲಿಲ್ಲ. ತೊಯ್ದ ಅಂಗೈಯನ್ನು ಯಾರೋ ಬೆನ್ನಿಗಿಟ್ಟಂತಿತ್ತು. ಎದ್ದೇಳಬೇಕೆನ್ನುವಷ್ಟರಲ್ಲಿ ಸಪ್ಪಳ ಕೇಳಿತು. ಮೆತ್ತಗೆ ಕೆರೆದಂತೆ, ನಡುವೆ ನಿಂತು, ಮತ್ತೆ ಕೆರೆದಂತೆ.

"ಹೆಗ್ಗಣ ಇರಬೇಕು," ಎಂದ ರಫೀಕ್.

"ಹೆಗ್ಗಣ ಆದ್ರ ಕತ್ತಲಾದ ಮ್ಯಾಲ ಓಡ್ಯಾಡ್ತಾವ್ರಿ," ಎಂದಳು ನೀಲಮ್ಮ. "ಇದು ಹಗಲೊತ್ತಿನಾಗ. ಗ್ವಾಡಿ ಕಟ್ಟೋ ಗೌಂಡಿ ಮಂದಿ ಕೆಲಸ ಮಾಡೋ ಹೊತ್ತಿನಾಗ. ಒಳಗ ಯಾರೋ ಗ್ವಾಡಿಗೆ ಸುಣ್ಣ ಸವರಿದಂಗ ಕೇಳ್ತೈತಿ."

ಅಳತೆಗಳನ್ನು ತಂದು ಮಾದರಿ ಕಟ್ಟತೊಡಗಿದೆ. ಹೊರಗಿನ ಗೋಡೆ ಮೊದಲು, ಒಳಗಿನ ಕೋಣೆಗಳು ಆಮೇಲೆ. ಎರಡೂ ಕೂಡಲಿಲ್ಲ. ಮಲಗುವ ಹಾಲಿಗೂ ಸಾಮಾನಿನ ಕೋಣೆಗೂ ನಡುವೆ ಒಂದಿಷ್ಟು ಜಾಗ ಉಳಿಯಿತು. ಮಸ್ಕಿಗೆ ಹೋಗಿ ಮತ್ತೆ ಅಳೆದೆವು. ಮತ್ತೆ ಅಷ್ಟೇ. ಕಾಗದದ ಕಾಲದಲ್ಲಾಗಿದ್ದರೆ ಗೋಡೆಯನ್ನು ದಪ್ಪ ಮಾಡಿ ಮಸಿ ತುಂಬಿ ಮುಂದೆ ಹೋಗುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಪ್ರತಿಯೊಂದು ಗೋಡೆ ಯಾವುದರದು, ಎಷ್ಟು ದಪ್ಪ ಎಂದು ಹೇಳಲೇಬೇಕು. ಗೊತ್ತಿಲ್ಲದ್ದರಿಂದ ಅದನ್ನು ಖಾಲಿ ಬಿಟ್ಟೆ.

ಆ ಮಾದರಿಯಲ್ಲಿ ಗುಂಡಿ ಒತ್ತುತ್ತ ಹೋದರೆ ನಾವೇ ನಡೆದಂತೆ ಒಂದೊಂದೇ ಕೋಣೆ ಎದುರು ಬರುತ್ತಿತ್ತು. ಗೋಡೆಗೆ ಹೋದರೂ ತಡೆಯುತ್ತಿರಲಿಲ್ಲ, ಅದರೊಳಗಿಂದ ದಾಟಿಸುತ್ತಿತ್ತು. ಮಲಗುವ ಹಾಲಿನಿಂದ ಆ ಗೋಡೆಯತ್ತ ಹೋದೆ. ಪರದೆ ಮಿನುಗಿತು. ಸುತ್ತ ಬೂದು ಬಣ್ಣದ ನಾಲ್ಕು ಗೋಡೆ. ಬಾಗಿಲಿಲ್ಲ, ಕಿಟಕಿಯಿಲ್ಲ. ನೋಟವನ್ನು ಕೆಳಗಿಳಿಸಿದೆ. ಅಲ್ಲಿಗೆ ನಾನು ನೆಲ ಬರೆದಿರಲಿಲ್ಲ; ಕೆಳಗೆ ಬರೀ ಕಪ್ಪಿತ್ತು. ಕುರ್ಚಿಯಲ್ಲಿ ಕುಳಿತಿದ್ದರೂ ಕಾಲು ಮೇಲೆಳೆದುಕೊಂಡೆ.

ನಮ್ಮ ಕಾರ್ಯಪಾಲಕ ಎಂಜಿನಿಯರ್ ದೇಸಾಯಿ ಸಾಹೇಬರು ಸಿಟ್ಟಿನವರೇ ಹೊರತು ಕೆಟ್ಟವರಲ್ಲ. ಪರದೆ ನೋಡಿ ಅಂದರು, "ಹಳೇ ಮಂದಿ ಗ್ವಾಡಿ ಅಂದ್ರ ಹಿಂಗ ಇರ್ತಾವ. ಅದು ಘಟ್ಟಿ ಕಲ್ಲು. ಹೊಸಾ ಕಂಬ ಅದರ ಮ್ಯಾಲ ಬರ್ತಾವ. ತುಂಬಿಸಿಬಿಡ್ರಿ."

"ಸರ್, ಖಾಲಿ ಇರಬಹುದು ಅನಸ್ತೈತಿ."

"ಅನಿಸಿದ್ದೆಲ್ಲ ಟೆಂಡರಿನಾಗ ಹಾಕಾಕ ಬರಂಗಿಲ್ಲ, ಸುಜಾತಾ. ನಾಳಿ ಗುತ್ತಿಗೆದಾರರು ಬರ್ತಾರ. ನನ್ನ ಮುಂದನ ತುಂಬಿಸ್ರಿ."

ಅವರ ಮುಂದೆಯೇ, ರಫೀಕನೂ ನೋಡುತ್ತಿದ್ದಂತೆ, ಆ ಜಾಗವನ್ನು ಕಲ್ಲಿನಿಂದ ತುಂಬಿ ಮುಚ್ಚಿ, ಫ್ಲಾಪಿಗೆ ಹಾಕಿದೆ. ಫ್ಲಾಪಿಯನ್ನು ಸಾಹೇಬರೇ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಗುತ್ತಿಗೆದಾರರು ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತರು. ಕಾಲುವೆ ಸೀಮೆಯ ಕ್ಯಾಂಪಿನ ಸುಬ್ಬರಾಜು ಮುಂದಿದ್ದ. ಸಾಹೇಬರು ಬೀಗ ತೆಗೆದು ಫ್ಲಾಪಿ ಕೊಟ್ಟರು. ಅಂಗಳ, ಅಡಿಗೆ ಮನೆ, ಮಲಗುವ ಹಾಲು, ಎಲ್ಲ ತೋರಿಸುತ್ತ ಹೋದೆ. ಕಟ್ಟಡವನ್ನು ಮೇಲಿನಿಂದ ತೋರಿಸುವಾಗ ನನ್ನ ಕೈ ನಿಂತಿತು. ಹಾಲಿಗೂ ಸಾಮಾನಿನ ಕೋಣೆಗೂ ನಡುವೆ ಆ ಜಾಗ ತೆರೆದಿತ್ತು.

"ಅಮ್ಮಾ, ನಡುವಿನ ಆ ರೂಮು ಯಾತಕ್ಕಂಡಿ?" ಎಂದ ಸುಬ್ಬರಾಜು. "ಅದಕ್ಕ ಬಾಗಿಲು ಎಲ್ಲೈತಿ?"

"ಅದು ರೂಮಲ್ಲ, ಗ್ವಾಡಿ," ಎಂದರು ಸಾಹೇಬರು.

"ಗೋಡೆ ಆದ್ರ ಕಲ್ಲು ಕಾಣಬೇಕಲ್ಲ ಸಾರ್. ಇದು ಖಾಲಿ ಕಾಣಾಕತ್ತೈತಿ. ಖಾಲಿ ಮ್ಯಾಲೆ ನಾ ಕಂಬ ನಿಲ್ಲಿಸಲ್ಲ. ಮಲಗೋರು ಹೆಣ್ಮಕ್ಕಳು. ಮೊದಲು ಒಡೆದು ನೋಡೋಣ, ಆಮ್ಯಾಲೆ ರೇಟು ಹಾಕ್ತೀನಿ."

ಉಳಿದವರೂ ತಲೆಯಾಡಿಸಿದರು. ಎಲ್ಲರೂ ಹೋದ ಮೇಲೆ ರಫೀಕ್ ನನ್ನ ಹತ್ತಿರ ಬಂದ.

"ಅಕ್ಕಾ, ಹಳೇ ಫ್ಲಾಪಿ ಬಂದಿರಬೇಕು."

"ಹಳೇದು ನಮ್ಮ ಮನ್ಯಾಗ ಐತಿ, ಟ್ರಂಕಿನಾಗ."

ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಬಯ್ಯುತ್ತಾರೆ ಎಂದುಕೊಂಡೆ. "ನೀವು ಮುಚ್ಚಿದ್ದು ನಾ ಕಣ್ಣಾರೆ ನೋಡೀನಿ," ಎಂದಷ್ಟೇ ಹೇಳಿ, ಗೋಡೆ ಒಡೆಸಲು ಮಂಜೂರಾತಿ ಬರೆದುಕೊಟ್ಟರು. ಅದು ಹೇಗಾಯಿತೆಂದು ಕಂಪ್ಯೂಟರ್ ಬಲ್ಲವರನ್ನು ಎಷ್ಟೋ ಸಲ ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ, ಮಕ್ಕಳಿಲ್ಲದ ಹೊತ್ತು ನೋಡಿ ಗೋಡೆ ಒಡೆಸಿದೆವು. ಮುಚ್ಚಿದ ಜಾಗದ ಗಾಳಿ ಕೆಟ್ಟಿರುತ್ತದೆಂದು ಸುಬ್ಬರಾಜು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ದುರ್ಗಪ್ಪನನ್ನು ಕರೆಸಿದ್ದ. ಗೋಡೆಗೆ ಮೆತ್ತಿದ ಗಾರೆಯ ಗಿಲಾವು ಕೆರೆದಾಗ ಹಿಂದೆ ಒಂದು ಹಳೆಯ ಬಾಗಿಲಿನ ಚೌಕಟ್ಟು, ಅದರ ತುಂಬ ಕಲ್ಲು. ಮೇಲಿನ ಕಲ್ಲು ಕಿತ್ತೊಡನೆ ಒಳಗಿನಿಂದ ಗಾಳಿ ಬಂತು. ತಣ್ಣಗೆ, ಉದ್ದಕ್ಕೆ, ಬಹಳ ಹೊತ್ತು ಉಸಿರು ಹಿಡಿದವರು ಬಿಟ್ಟಂತೆ. ದುರ್ಗಪ್ಪ ಕಂದೀಲನ್ನು ಕೋಲಿಗೆ ಕಟ್ಟಿ ಒಳಗಿಳಿಸಿದ. ದೀಪ ಆರಲಿಲ್ಲ. ಜ್ವಾಲೆ ನಮ್ಮ ಕಡೆ ಬಾಗಿತು, ನೆಟ್ಟಗಾಯಿತು, ಆ ಕಡೆ ಬಾಗಿತು, ಮತ್ತೆ ನಮ್ಮ ಕಡೆ ಬಾಗಿತು.

"ಗಾಳಿ ಚಲೋ ಐತಿ," ಎಂದ. "ಆದ್ರ ನಾ ಒಳಗ ಬರಂಗಿಲ್ರಿ."

ನಾನೂ ರಫೀಕನೂ ಬ್ಯಾಟರಿ ಹಿಡಿದು ಹೋದೆವು. ಎರಡೇ ಹೆಜ್ಜೆಗೆ ನೆಲ ಮುಗಿದು, ಬಾವಿ. ಮೆಟ್ಟಿಲುಗಳು ನೀರಿನೊಳಗೆ ಇಳಿದುಹೋಗಿದ್ದವು. ಮುಸಾಫಿರಖಾನೆಯ ಹಳೆಯ ಬಾವಿ ಕೋಣೆ ಅದು. ಪರದೆಯಲ್ಲಿ ಕಪ್ಪು ಕಂಡ ಜಾಗದಲ್ಲೇ ನೀರಿತ್ತು. ಎಲುಬಿಲ್ಲ, ಬಟ್ಟೆಯಿಲ್ಲ. ಧೂಳು ಕೂಡ ಇರಲಿಲ್ಲ, ನಿನ್ನೆ ಗುಡಿಸಿದಂತಿತ್ತು.

ರಫೀಕ್ ಬ್ಯಾಟರಿಯನ್ನು ನಾವು ಒಡೆದು ಬಂದ ಬಾಗಿಲ ಕಡೆ ತಿರುಗಿಸಿದ. ಇನ್ನೂ ನಿಂತಿದ್ದ ಕಲ್ಲುಗಳ ಮೇಲೆ ಕೈಯಾಡಿಸಿದ. ಆಮೇಲಿನವರ ಗಿಲಾವು ಕೆರೆದ ಹೊರಗಿನ ಬದಿಯಲ್ಲಿ ಕಲ್ಲಿನ ಸಂದುಗಳು ಒರಟಾಗಿ, ಸುಣ್ಣ ಹಿಂಡಿ ಹೊರಬಂದಂತಿದ್ದವು. ಒಳಗಿನ ಬದಿಯಲ್ಲಿ ಪ್ರತಿಯೊಂದು ಸಂದನ್ನೂ ನೀಟಾಗಿ ತೀಡಿದ್ದರು. ಅದರ ಮೇಲೆ ಗಿಲಾವು, ಗಿಲಾವಿನ ಮೇಲೆ ಬೆರಳಿನ ಗುರುತು. ಪಕ್ಕದ ಗೂಡಿನಲ್ಲಿ ಗಾರೆ ಸವರುವ ಒಂದು ಕರಣಿ ಇತ್ತು. ಅದರ ಅಲಗಿನ ಮೇಲೆ ಸುಣ್ಣ ಒಣಗಿತ್ತು.

"ಅಕ್ಕಾ," ಎಂದ ರಫೀಕ್, ದನಿ ತಗ್ಗಿಸಿ. "ಇದನ್ನ ಒಳಗ ನಿಂತು ಮುಚ್ಚ್ಯಾರ."

ನಾನು ಏನೋ ಹೇಳಹೊರಟೆ. ಆಗ ಸಪ್ಪಳ ಕೇಳಿತು. ಮೆತ್ತಗೆ ಕೆರೆದಂತೆ, ನಡುವೆ ನಿಂತು, ಮತ್ತೆ ಕೆರೆದಂತೆ. ಈ ಸಲ ಅದು ಹೊರಗಿನಿಂದ, ಮಲಗುವ ಹಾಲಿನ ಬದಿಯಿಂದ ಬರುತ್ತಿತ್ತು. ಹೊರಗೆ ಬಂದು ನೋಡಿದರೆ ನೀಲಮ್ಮ, ದುರ್ಗಪ್ಪ, ಸುಬ್ಬರಾಜು ಮೂವರೂ ಗೋಡೆ ಬಿಟ್ಟು ದೂರ ನಿಂತಿದ್ದರು.

"ಗ್ವಾಡಿ ಯಾರರ ಮುಟ್ಟಿದ್ರೇನು?" ಎಂದು ಕೇಳಿದೆ.

"ಇಲ್ರಿ," ಎಂದಳು ನೀಲಮ್ಮ. "ನೀವು ಒಳಗಿಂದ ಕೆರೀತೀರಿ ಅಂತ ನಾವು ಸುಮ್ಮನಿದ್ದಿವಿ."

ದೇಸಾಯಿ ಸಾಹೇಬರು ಅಂದೇ ಬಂದರು. ಆ ಕಿಂಡಿಯ ಮುಂದೆ ಬಹಳ ಹೊತ್ತು ನಿಂತರು, ಒಳಗೆ ಹೋಗಲಿಲ್ಲ. ಸಂಜೆಯೊಳಗೆ ಮಕ್ಕಳನ್ನೆಲ್ಲ ಊರೊಳಗಿನ ಒಂದು ಕಲ್ಯಾಣ ಮಂಟಪಕ್ಕೆ ಸಾಗಿಸಿದರು. ಪೊಲೀಸರು ಬಂದು ಪಂಪು ಹಚ್ಚಿಸಿದರು. ಪಂಪು ಬಿಸಿಯಾಗುವತನಕ ನೀರೆತ್ತಿದರೂ ಒಂದು ಮೆಟ್ಟಿಲೂ ಹೆಚ್ಚಿಗೆ ಕಾಣಲಿಲ್ಲ. ಸಾಹೇಬರು ಮೇಲಂತಸ್ತಿನ ಯೋಜನೆ ಕೈಬಿಟ್ಟು ಬೇರೆ ಜಾಗದಲ್ಲಿ ಹೊಸ ಕಟ್ಟಡಕ್ಕೆ ಬರೆದರು. ಅದಕ್ಕೆ ತಮ್ಮ ಮೇಲಿನವರಿಂದ ಬಹಳ ಮಾತು ಕೇಳಿದರು; ನಮ್ಮ ಮುಂದೆ ಒಂದು ದಿನವೂ ಆಡಿತೋರಿಸಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ, ಹಾಡಹಗಲೇ, ಮಲಗುವ ಹಾಲಿನ ಅರ್ಧ ನೆಲ, ಆ ಗೋಡೆ, ಮೇಲಿನ ಮಾಳಿಗೆ ಎಲ್ಲ ಬಾವಿಯೊಳಗೆ ಕುಸಿದವು. ಒಳಗೆ ಯಾರೂ ಇರಲಿಲ್ಲ. ಮೇಲೊಂದು ಅಂತಸ್ತು ಏರಿ, ಅದರ ತುಂಬ ಹುಡುಗಿಯರು ಮಲಗಿದ್ದರೆ ಎಂದು ಈಗಲೂ ನೆನೆಯುತ್ತೇನೆ. ನೀವು ಮಾದರಿ ಕಟ್ಟುವಾಗ ಅಳತೆ ಕೂಡದ ಜಾಗ ಬಂದೀತು. ಮೇಲಿನವರು ತುಂಬಿಸಿ ಎನ್ನುತ್ತಾರೆ. ಗೊತ್ತಿಲ್ಲದ್ದನ್ನು ಕಲ್ಲೆಂದು ಬರೆಯಬೇಡಿ. ಎದ್ದು ಹೋಗಿ ನೋಡಿ. ನಾನು ಹೇಳಬಹುದಾದ ಬುದ್ಧಿಮಾತು ಇಷ್ಟೇ.

ಕುಸಿದ ಜಾಗಕ್ಕೆ ಮಣ್ಣು ತುಂಬಿಸಿದರು. ದೀಪಾವಳಿಯ ಆಚೆ ಈಚೆ, ಜವಳಗೇರಾದಿಂದ ಈರಮ್ಮ ಎಂಬ ಹೆಂಗಸು ಲಿಂಗಸುಗೂರಿನ ಆಫೀಸಿಗೆ ನನ್ನನ್ನು ಕೇಳಿಕೊಂಡು ಬಂದಳು. ಐವತ್ತು ದಾಟಿದವಳು, ಗದ್ದೆ ಕೆಲಸದ ಕೈ. ಮಸ್ಕಿಯ ಸಂತೆಯಲ್ಲಿ ಯಾರೋ ಬಾವಿ ಕೋಣೆಯ ಸುದ್ದಿ ಆಡುತ್ತಿದ್ದುದನ್ನು ಕೇಳಿದ್ದಳಂತೆ.

"ನಮ್ಮಪ್ಪ ಗೌಂಡಿ ಇದ್ದ," ಎಂದಳು. "ನಿಜಾಮನ ರಾಜ್ಯ ಮುಗಿಯೋ ಗಲಾಟಿ ಕಾಲ ಅದು. ಅವನ್ನ ಹುಡುಕ್ಕೊಂತ ಮಂದಿ ಬಂದ್ರು. ಯಾವ ಕಡೀ ಮಂದಿ, ಯಾತಕ್ಕ ಬಂದ್ರು, ನನಗ ಗೊತ್ತಿಲ್ಲ, ನಾ ಸಣ್ಣಾಕಿ. ಮುಸಾಫಿರಖಾನ್ಯಾಗ ದುರಸ್ತಿ ಕೆಲಸ ಮಾಡಾಕತ್ತಿದ್ದ. ಕಲ್ಲು ಸುಣ್ಣ ತಗೊಂಡು ಬಾವಿ ಕೋಣ್ಯಾಗ ಹೊಕ್ಕ. ಮುಚ್ಕೊಂಡು ಕುಂದರ್ತೀನಿ, ಅವರು ಹೋದ ಮ್ಯಾಲ ಗ್ವಾಡಿ ಬಡೀರಿ, ಒಡಕೊಂಡು ಬರ್ತೀನಿ ಅಂದ."

"ಬಡದ್ರೇನು?"

"ನಮ್ಮವ್ವ ನನ್ನ ಬಗಲಾಗ ಎತ್ಕೊಂಡು ಅವತ್ತ ಊರು ಬಿಟ್ಲು. ಮುಂದ ಒಬ್ಬಾಕಿನ ತಿರುಗಿ ಬಂದಿದ್ಲಂತ. ಯಾರೋ ಬಂದೂಕು ಹಿಡ್ಕೊಂಡು ಬಾಗಿಲಾಗ ನಿಂತಿದ್ರಂತ, ಒಳಗ ಬಿಡಲಿಲ್ಲಂತ. ಆಮ್ಯಾಲ ಕಾಳಿನ ಚೀಲ ತುಂಬಿದ್ರು. ಗ್ವಾಡಿ ಯಾರೂ ಬಡೀಲಿಲ್ಲ."

ಆ ಕೋಣೆಯನ್ನು ಒಮ್ಮೆ ನೋಡಬೇಕೆಂದಳು. ಅದು ಈಗಿಲ್ಲ, ಮಣ್ಣು ತುಂಬಿದ್ದಾರೆ ಎಂದು ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು. ಅವಳನ್ನು ಕಂಪ್ಯೂಟರಿನ ಕೋಣೆಗೆ ಕರೆದೊಯ್ದೆ. ಮಾದರಿ ತೆರೆದು, ಅಂಗಳ ದಾಟಿಸಿ, ಮಲಗುವ ಹಾಲು ದಾಟಿಸಿ, ಬೂದು ಗೋಡೆಗಳ ನಡುವೆ ತಂದು ನಿಲ್ಲಿಸಿದೆ.

"ಆ ಕರೀದು ಬಾವಿ ಏನು?"

"ಹೌದು ಈರಮ್ಮಾ."

ಅವಳು ಪರದೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೇ ಇಟ್ಟಿದ್ದಳು. ಬೆಳಗಿನಿಂದ ಉರಿದ ಪರದೆ ಬೆಚ್ಚಗಿರುತ್ತದೆ. ಅವಳು ಕೈ ತೆಗೆದ ಮೇಲೆ ನಾನು ಮುಟ್ಟಿ ನೋಡಿದೆ. ತಣ್ಣಗಿತ್ತು.

"ಯವ್ವಾ," ಎಂದಳು ಈರಮ್ಮ, "ಇದರಾಗ ಒಂದು ಬಾಗಲ ಇಡಾಕ ಬರ್ತೈತೇನು?"

"ಬರ್ತೈತಿ. ಎಲ್ಲಿ ಇಡ್ಲಿ?"

ಅವಳು ಬೆರಳಿಟ್ಟು ತೋರಿಸಿದಲ್ಲಿ ಗೋಡೆ ಕತ್ತರಿಸಿದೆ. ಬಾಗಿಲು ಇಡುವಾಗ ಅದರ ಕದ ಯಾವ ಬದಿಗೆ ತೆರೆಯಬೇಕೆಂದು ಆ ಯಂತ್ರ ಕೇಳುತ್ತದೆ. ಅದನ್ನೇ ಅವಳನ್ನು ಕೇಳಿದೆ.

"ಹೊರಗ," ಎಂದಳು.

ಗುಂಡಿ ಒತ್ತಿದೆ. ಕದ ತೆರೆದುಕೊಂಡಿತು. ಈರಮ್ಮ ಎದ್ದು, ಯಾರಿಗೋ ಹಾದುಹೋಗಲು ಜಾಗ ಬಿಡುವವಳಂತೆ ಗೋಡೆಯ ಪಕ್ಕಕ್ಕೆ ಸರಿದು ನಿಂತಳು. ನಾನೂ ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.